ಕೊಬ್ಬರಿ ಸೀಮೆಯ ಆನ್‌ಲೈನ್ ವ್ಯಾಪಾರಿ ಬ್ಯಾಂಕಿಂಗ್: ಪಾವತಿ ಮತ್ತು ಭದ್ರತೆ

ಅಂಗಡಿ, ಮಂಡಿ, ಕಾರ್ಖಾನೆ, ಸಹಕಾರ ಸಂಘಗಳು ತಮ್ಮ ಚಾಲ್ತಿ ಖಾತೆಯನ್ನೂ ಸಾಲದ ಖಾತೆಯನ್ನೂ ಬ್ಯಾಂಕಿಗೆ ಹೋಗದೆ ಕಂಪ್ಯೂಟರ್ ಇಲ್ಲವೇ ಮೊಬೈಲಿನಿಂದಲೇ ನಡೆಸುವ ಏರ್ಪಾಟಿಗೆ ಆನ್‌ಲೈನ್ ವ್ಯಾಪಾರಿ ಬ್ಯಾಂಕಿಂಗ್ ಎನ್ನುತ್ತಾರೆ. ಮನೆಯ ಉಳಿತಾಯ ಖಾತೆಯನ್ನು ಒಬ್ಬರು ನೋಡಿಕೊಂಡರೆ ಸಾಕು. ವ್ಯಾಪಾರದ ಖಾತೆಗೆ ಹಾಗಲ್ಲ. ಮಾಲೀಕ, ಗುಮಾಸ್ತ, ಪಾಲುದಾರ, ಲೆಕ್ಕಪರಿಶೋಧಕ ಎಲ್ಲರೂ ಅದರಲ್ಲಿ ಕೈಯಾಡಿಸಬೇಕಾಗುತ್ತದೆ, ಒಂದೇ ಸಂಜೆ ಹತ್ತಾರು ಜನರಿಗೆ ಹಣ ಹೋಗಬೇಕಾಗುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿ ವಹಿವಾಟಿನಲ್ಲಿ ಈ ಎರಡು ಅಗತ್ಯಗಳೂ ಎದ್ದು ಕಾಣುತ್ತವೆ. ದೊಡ್ಡ ನಗರದ ಕಂಪನಿಗಳಿಗಾಗಿ ಮಾಡಿದ ಸೌಲಭ್ಯಗಳು ಇಲ್ಲಿನ ಮಂಡಿಗಳಿಗೆ ಎಷ್ಟು ಒಗ್ಗಿವೆ, ಎಲ್ಲಿ ಒಗ್ಗಿಲ್ಲ ಎಂಬುದನ್ನು ಈ ಲೇಖನ ನೋಡುತ್ತದೆ.

ವರ್ಷದ ದುಡಿಮೆ, ಒಂದು ದಿನದ ಹಣ

ಉಂಡೆ ಕೊಬ್ಬರಿ ಅವಸರದ ಬೆಳೆಯಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಬಿಡಬೇಕು. ಒಳಗಿನ ನೀರು ಪೂರಾ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಡಗಡ ಸದ್ದು ಬಂದಾಗಲೇ ಅದು ಕೊಬ್ಬರಿ. ಆಮೇಲೆ ಮಟ್ಟೆ ಸುಲಿದು, ಚಿಪ್ಪು ಒಡೆದು, ಉಂಡೆಗೆ ಪೆಟ್ಟಾಗದಂತೆ ಬಿಡಿಸಿ, ಚೀಲ ತುಂಬಿ ಮಾರುಕಟ್ಟೆಗೆ ತರಬೇಕು. ಹೀಗಾಗಿ ಸಣ್ಣ ಹಿಡುವಳಿಯ ರೈತನ ಕೈಗೆ ಹಾಲಿನ ಹಣ ಬಂದಂತೆ ಕೊಬ್ಬರಿಯ ಹಣ ದಿನದಿನವೂ ಬರುವುದಿಲ್ಲ. ವರ್ಷಕ್ಕೆ ಒಂದೋ ಎರಡೋ ಸಲ, ಇಡಿಯಾಗಿ ಬರುತ್ತದೆ. ಮಗಳ ಮದುವೆ, ಕೊಳವೆಬಾವಿಯ ಸಾಲ, ಮಗನ ಕಾಲೇಜು ಫೀಸು ಎಲ್ಲವೂ ಆ ಒಂದು ಪಾವತಿಗೆ ಕಾದಿರುತ್ತವೆ. ಖಾತೆ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಅಟ್ಟದ ಮೇಲಿನ ಒಂದು ವರ್ಷವೇ ದಾರಿ ತಪ್ಪುತ್ತದೆ. ಈ ಸೀಮೆಯಲ್ಲಿ ಪಾವತಿಯ ಭದ್ರತೆಯನ್ನು ಇಷ್ಟು ಗಟ್ಟಿಯಾಗಿ ಮಾತಾಡಬೇಕಾದದ್ದು ಇದಕ್ಕೇ.

ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಉಂಡೆ ಕೊಬ್ಬರಿಗೆ ದೇಶದಲ್ಲೇ ಹೆಸರಾದದ್ದು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರಿನಲ್ಲೂ ಮಾರುಕಟ್ಟೆಯಿದೆ. ಇಲ್ಲಿಂದ ಹೊರಟ ಲಾರಿಗಳು ಉತ್ತರ ಭಾರತದ ಒಣಹಣ್ಣಿನ ವ್ಯಾಪಾರಿಗಳ ಗೋದಾಮು ಸೇರುತ್ತವೆ. ಕರ್ನಾಟಕ ಸರ್ಕಾರವೂ ಸರಕು ವಿನಿಮಯ ಕೇಂದ್ರವಾದ ಎನ್‌ಸಿಡಿಇಎಕ್ಸ್‌ನ ಅಂಗಸಂಸ್ಥೆಯೂ ಸೇರಿ ಕಟ್ಟಿದ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಕಂಪನಿ 2014ರಿಂದ ರಾಜ್ಯದ ಮಾರುಕಟ್ಟೆಗಳಲ್ಲಿ ಏಕೀಕೃತ ಮಾರುಕಟ್ಟೆ ವೇದಿಕೆಯನ್ನು ನಡೆಸುತ್ತಿದೆ. ರೈತನ ಮಾಲಿಗೆ ಗೇಟಿನಲ್ಲೇ ಲಾಟ್ ನಂಬರು ಬೀಳುತ್ತದೆ, ಖರೀದಿದಾರರು ಕಂಪ್ಯೂಟರಿನಲ್ಲಿ ಧಾರಣೆ ನಮೂದಿಸುತ್ತಾರೆ, ಹೆಚ್ಚು ಕೂಗಿದವರಿಗೆ ಲಾಟ್ ಹೋಗುತ್ತದೆ; ಇದಕ್ಕೇ ಟೆಂಡರ್ ಎನ್ನುತ್ತಾರೆ. ಧಾರಣೆ ಒಪ್ಪುವುದು ಬಿಡುವುದು ರೈತನಿಗೆ ಸೇರಿದ್ದು. ಬೆಲೆ ಕಟ್ಟುವ ಕೆಲಸ ಹೀಗೆ ತೆರೆಯ ಮೇಲೆ ಬಂತು. ಹಣ ಕೊಡುವ ಕೆಲಸ ಮಾತ್ರ ಅಷ್ಟೇ ಬೇಗ ಬರಲಿಲ್ಲ. ಧಾರಣೆ ಆನ್‌ಲೈನ್, ದುಡ್ಡು ಕೈಯಿಂದ ಕೈಗೆ ಎಂಬ ಸ್ಥಿತಿ ಬಹುಕಾಲ ಉಳಿಯಿತು.

ಇದಕ್ಕೆ ಕಾರಣ ಮಂಡಿಯ ಹಣದ ಹಾದಿ. ಹೆಚ್ಚಿನ ವ್ಯವಹಾರಗಳಲ್ಲಿ ರೈತನಿಗೆ ಹಣ ಕೊಡುವವರು ದಲ್ಲಾಳಿ ವರ್ತಕರು. ಖರೀದಿದಾರನಿಂದ ಅವರಿಗೆ ಹಣ ಬರುವುದು ಕೆಲವು ದಿನ ಕಳೆದ ಮೇಲೆ. ನಡುವಿನ ದಿನಗಳನ್ನು ದಲ್ಲಾಳಿಗಳು ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಇಲ್ಲವೇ ಕ್ಯಾಶ್ ಕ್ರೆಡಿಟ್ ಖಾತೆಯಿಂದ ತೂಗಿಸುತ್ತಾರೆ. ಇಂಥ ಖಾತೆಗೆ ಕಳ್ಳ ನುಗ್ಗಿದರೆ ಹೋಗುವುದು ಉಳಿತಾಯವಲ್ಲ, ಸಾಲದ ಹಣ. ಅಸಲೂ ಹೋಗುತ್ತದೆ, ಅದರ ಮೇಲೆ ಬಡ್ಡಿಯೂ ಓಡುತ್ತದೆ.

ಪಾವತಿಯ ದಾರಿಗಳು

ಹತ್ತು ಕ್ವಿಂಟಲ್ ಕೊಬ್ಬರಿ ತಂದ ರೈತರೊಬ್ಬರನ್ನು ಲೆಕ್ಕಕ್ಕೆ ಹಿಡಿಯೋಣ. ಧಾರಣೆ ಕ್ವಿಂಟಲಿಗೆ 10,000 ರೂಪಾಯಿ ಇದ್ದ ದಿನ ಅವರ ಬಾಬ್ತು 1 ಲಕ್ಷ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಒಂದು ಸಲಕ್ಕೆ ಸಾಮಾನ್ಯವಾಗಿ ಕಳಿಸಬಹುದಾದದ್ದು ಅಷ್ಟೇ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ನಿಗದಿ ಮಾಡಿದ ಬೆಂಬಲ ಬೆಲೆ 12,100 ರೂಪಾಯಿ. ಆ ಲೆಕ್ಕದಲ್ಲಿ 1,21,000 ಆಯಿತು. ಯುಪಿಐ ಮಿತಿ ದಾಟಿತು. ಅದೇ ವರ್ಷ ಪೇಟೆ ಧಾರಣೆ 20,000 ದಾಟಿ ಮೇಲೇರಿದಾಗ ಅದೇ ಹತ್ತು ಕ್ವಿಂಟಲಿಗೆ 2 ಲಕ್ಷ. ಇಲ್ಲಿ ಎರಡು ಗೆರೆಗಳು ಒಂದೇ ಕಡೆ ಬಂದು ಕೂಡುತ್ತವೆ. ಒಂದು ವ್ಯವಹಾರಕ್ಕೆ 2 ಲಕ್ಷ ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2017ರ ಏಪ್ರಿಲ್‌ನಿಂದ ತಡೆದಿದೆ. ದೊಡ್ಡ ಮೊತ್ತದ ಆರ್‌ಟಿಜಿಎಸ್ ಶುರುವಾಗುವುದೂ 2 ಲಕ್ಷದಿಂದಲೇ. ಧಾರಣೆಯ ಏರಿಳಿತವೇ ಪಾವತಿಯ ದಾರಿಯನ್ನು ಬದಲಿಸುತ್ತದೆಂಬುದು ಬೇರೆ ಊರಿನ ವ್ಯಾಪಾರಿಗೆ ಹೊಳೆಯದ ಮಾತು; ತಿಪಟೂರಿನ ಗುಮಾಸ್ತನಿಗೆ ಅದು ಟೆಂಡರ್ ದಿನದ ಪಾಠ.

ಆರ್‌ಟಿಜಿಎಸ್ 2004ರ ಮಾರ್ಚ್‌ನಲ್ಲಿ ಶುರುವಾದದ್ದು. ಪ್ರತಿ ಪಾವತಿಯೂ ಬಿಡಿಬಿಡಿಯಾಗಿ, ಆಗಿಂದಾಗಲೇ ಇತ್ಯರ್ಥವಾಗುತ್ತದೆ. ಗರಿಷ್ಠ ಮಿತಿಯನ್ನು ರಿಸರ್ವ್ ಬ್ಯಾಂಕ್ ಇಟ್ಟಿಲ್ಲ. ಹಣ ಪಡೆದ ಬ್ಯಾಂಕು ಅರ್ಧ ಗಂಟೆಯೊಳಗೆ ಗ್ರಾಹಕನ ಖಾತೆಗೆ ಜಮಾ ಮಾಡಬೇಕು. 2020ರ ಡಿಸೆಂಬರ್ 14ರಿಂದ ಇದು ಹಗಲೂ ರಾತ್ರಿ, ರಜೆಯ ದಿನವೂ ನಡೆಯುತ್ತದೆ. 2005ರಲ್ಲಿ ಬಂದ ಎನ್‌ಇಎಫ್‌ಟಿ ಅರ್ಧ ಗಂಟೆಗೊಂದರಂತೆ ದಿನಕ್ಕೆ 48 ಕಂತುಗಳಲ್ಲಿ ಸಾಗುತ್ತದೆ, ಕನಿಷ್ಠ ಮೊತ್ತವಿಲ್ಲ. ಇದು 24 ಗಂಟೆಯೂ ಸಿಗತೊಡಗಿದ್ದು 2019ರ ಡಿಸೆಂಬರ್ 16ರಿಂದ. ಐಎಂಪಿಎಸ್ 2010ರದ್ದು, ಈಗ 5 ಲಕ್ಷದವರೆಗೆ ಒಪ್ಪುತ್ತದೆ. ಹಿಂದೆ ಟೆಂಡರ್ ಮುಗಿದು, ತೂಕವಾಗಿ, ಲೆಕ್ಕಪಟ್ಟಿ ಬರೆಯುವಷ್ಟರಲ್ಲಿ ಬ್ಯಾಂಕಿನ ಬಾಗಿಲು ಹಾಕಿರುತ್ತಿತ್ತು. ಎರಡನೇ ಶನಿವಾರ, ಹಬ್ಬ ಬಂದರೆ ಸೋಮವಾರದ ಮಾತು. ಈಗ ರೈತರು ಊರಿನ ಬಸ್ಸು ಹತ್ತುವ ಮೊದಲೇ ಜಮಾ ಆದ ಸಂದೇಶ ನೋಡಬಹುದು. 1966ರ ಕರ್ನಾಟಕದ ಮಾರುಕಟ್ಟೆ ಕಾಯಿದೆಯ ಹಿಂದಿನ ಆಶಯ ಮಾರಿದವನಿಗೆ ತಡವಿಲ್ಲದೆ ಪೂರ್ತಿ ಹಣ ಸಿಗಬೇಕೆಂಬುದು; ಅದನ್ನು ದಿಟ ಮಾಡಲು ತಂತ್ರಜ್ಞಾನದ ಅಡ್ಡಿ ಇನ್ನು ಉಳಿದಿಲ್ಲ ಎಂದೇ ಹೇಳಬೇಕು.

ಚೆಕ್ ಪೂರಾ ಮರೆಯಾಗಿಲ್ಲ. ಹೊರರಾಜ್ಯದ ಖರೀದಿದಾರರಿಗೂ ಸಂಘ ಸಂಸ್ಥೆಗಳಿಗೂ ಅದು ಬೇಕು. 2021ರ ಜನವರಿಯಿಂದ 50,000 ರೂಪಾಯಿ ಮತ್ತು ಮೇಲಿನ ಚೆಕ್‌ಗಳಿಗೆ ಪಾಸಿಟಿವ್ ಪೇ ಎಂಬ ಸೌಲಭ್ಯವಿದೆ: ಬರೆದುಕೊಟ್ಟವರು ಚೆಕ್ ನಂಬರು, ತಾರೀಖು, ಹೆಸರು, ಮೊತ್ತವನ್ನು ಮೊದಲೇ ಆನ್‌ಲೈನಿನಲ್ಲಿ ಬ್ಯಾಂಕಿಗೆ ತಿಳಿಸಿಟ್ಟಿರುತ್ತಾರೆ, ಕ್ಲಿಯರಿಂಗ್‌ಗೆ ಬಂದ ಚೆಕ್ ಅದಕ್ಕೆ ತಾಳೆಯಾಗಬೇಕು. 2025ರ ಅಕ್ಟೋಬರ್ 4ರಿಂದ ಚೆಕ್‌ಗಳನ್ನು ದಿನದ ಕೊನೆಗೆ ಕಟ್ಟು ಕಟ್ಟುವ ಬದಲು ಬಂದ ಹಾಗೆಯೇ ಕ್ಲಿಯರಿಂಗ್‌ಗೆ ಕಳಿಸುವ ಪದ್ಧತಿ ಬಂದಿದೆ.

ಸರ್ಕಾರದ ಖರೀದಿಯದು ಬೇರೆಯೇ ದಾರಿ. ಧಾರಣೆ ಬೆಂಬಲ ಬೆಲೆಗಿಂತ ಕೆಳಗೆ ಕುಸಿದಾಗ ಕೇಂದ್ರದ ಬೆಂಬಲ ಬೆಲೆ ಖರೀದಿ ನಡೆಸುವ ನಾಫೆಡ್ ಪರವಾಗಿ ಖರೀದಿ ಕೇಂದ್ರಗಳು ತೆರೆಯುತ್ತವೆ. ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ಜಮೀನು, ಆಧಾರ್, ಬ್ಯಾಂಕ್ ಖಾತೆ ಜೋಡಿಸಿ ನೋಂದಾಯಿಸಿಕೊಂಡ ರೈತರಿಗೆ ಹಣ ನೇರ ಖಾತೆಗೆ ಬರುತ್ತದೆ.

ನಗದು ಇನ್ನೂ ಏಕೆ ಉಳಿದಿದೆ ಎಂಬುದಕ್ಕೂ ಉತ್ತರ ಬೇಕು. ವರ್ಷಕ್ಕೆ 1 ಕೋಟಿ ದಾಟಿ ನಗದು ಹಿಂತೆಗೆದರೆ ಶೇ. 2ರಷ್ಟು ತೆರಿಗೆ ಮುರಿಯುವ ನಿಯಮ 2019ರ ಸೆಪ್ಟೆಂಬರ್‌ನಲ್ಲಿ ಬಂದಾಗ, ರೈತರಿಗೆ ಹಣ ಕೊಡಲೆಂದು ತೆಗೆಯುವ ಮಾರುಕಟ್ಟೆ ಸಮಿತಿಯ ನೋಂದಾಯಿತ ವರ್ತಕರಿಗೂ ದಲ್ಲಾಳಿಗಳಿಗೂ ಅದೇ ತಿಂಗಳು ವಿನಾಯಿತಿ ಕೊಡಲಾಯಿತು. ಹಳ್ಳಿಯ ರೈತನಿಗೆ ಅನುಕೂಲವಾಗಲಿ ಎಂದು ಮಾಡಿದ ಆ ವಿನಾಯಿತಿ ನ್ಯಾಯವಾದದ್ದೇ. 2025ರ ಜುಲೈನಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಅನೇಕ ಅಂಗಡಿಗಳು ಕ್ಯೂಆರ್ ಹಾಳೆ ಕಿತ್ತು ನಗದಿಗೆ ಮರಳಿದವು. ಚಿಪ್ಪು, ನಾರು, ಎಳನೀರು ವ್ಯಾಪಾರ ಮಾಡುವ ಸಣ್ಣವರ ಮಟ್ಟಿಗೆ ಹ್ಯಾಕರ್‌ಗಿಂತ ಆ ನೋಟಿಸಿನ ಭಯವೇ ದೊಡ್ಡದು.

ಎರಡು ಕೈಗಳ ನಿಯಮ

ವ್ಯಾಪಾರಿ ಬ್ಯಾಂಕಿಂಗಿನ ಭದ್ರತೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಬ್ಯಾಂಕಿನವರು ಮೇಕರ್-ಚೆಕರ್ ಎನ್ನುವ ಏರ್ಪಾಟು. ಪಾವತಿ ನಮೂದಿಸುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು. ಇಬ್ಬರಿಗೂ ಬೇರೆಬೇರೆ ಲಾಗಿನ್, ಬೇರೆಬೇರೆ ಪಾಸ್‌ವರ್ಡ್, ಬೇರೆಬೇರೆ ಮೊಬೈಲಿಗೆ ಓಟಿಪಿ. ಮಾರುಕಟ್ಟೆಗೆ ಇದು ಹೊಸ ವಿಚಾರವೇ ಅಲ್ಲ. ತೂಗುವವರು ಬೇರೆ, ಲೆಕ್ಕಪಟ್ಟಿ ಬರೆಯುವವರು ಬೇರೆ ಎಂಬ ಕಟ್ಟು ಮಾರುಕಟ್ಟೆ ಪ್ರಾಂಗಣದಲ್ಲಿ ಮೊದಲಿಂದ ಇದೆ. ತೂಕದವರ ಲೈಸೆನ್ಸೇ ಬೇರೆ. ತಕ್ಕಡಿಯ ಬಳಿ ಒಪ್ಪಿಕೊಂಡ ಈ ಕಟ್ಟನ್ನು ಕಂಪ್ಯೂಟರಿನ ಮುಂದೆ ಮಾತ್ರ ನಾವು ಮರೆಯುತ್ತೇವೆ. ಮಾಲೀಕರ ಪಾಸ್‌ವರ್ಡ್ ಗುಮಾಸ್ತರ ಪುಸ್ತಕದ ಕೊನೆಯ ಹಾಳೆಯಲ್ಲಿ ಇರುತ್ತದೆ, ಓಟಿಪಿ ಫೋನಿನಲ್ಲೇ ಹೇಳಿಬಿಡುತ್ತಾರೆ. ಹೀಗಾದಾಗ ಬ್ಯಾಂಕು ಎರಡು ಬೀಗ ಕೊಟ್ಟಿದ್ದರೂ ಕೀಲಿ ಒಂದೇ ಗೊಂಚಲಿನಲ್ಲಿ ಇದ್ದಂತೆ.

ಬ್ಯಾಂಕುಗಳು ಸಂಸ್ಥೆಯ ಅಳತೆಗೆ ತಕ್ಕಂತೆ ಬೇರೆಬೇರೆ ಬಗೆ ಇಟ್ಟಿವೆ. ಉದಾಹರಣೆಗೆ ಭಾರತೀಯ ಸ್ಟೇಟ್ ಬ್ಯಾಂಕಿನ ‘ಸರಳ್’ ಒಬ್ಬರೇ ನಡೆಸುವ ವ್ಯಾಪಾರಕ್ಕೆ, ‘ವ್ಯಾಪಾರ್’ ಮತ್ತು ‘ವಿಸ್ತಾರ್’ ಹಲವರು ಕೂಡಿ ನಡೆಸುವ ಖಾತೆಗಳಿಗೆ. ಕೊನೆಯ ಎರಡರಲ್ಲಿ ಯಾರು ನೋಡಬಹುದು, ಯಾರು ನಮೂದಿಸಬಹುದು, ಯಾರು ಎಷ್ಟು ಮೊತ್ತದವರೆಗೆ ಒಪ್ಪಬಹುದು ಎಂದು ಸಂಸ್ಥೆಯೇ ಗೊತ್ತುಮಾಡಬಹುದು. ದಿನದ ಮಿತಿ, ಒಂದು ಪಾವತಿಯ ಮಿತಿ, ಹೊಸ ಖಾತೆ ಸೇರಿಸಿದ ಮೇಲೆ ಕೆಲವು ಗಂಟೆ ದೊಡ್ಡ ಮೊತ್ತ ಹೋಗದಂತೆ ತಡೆ, ಗೊತ್ತಾದ ಕಂಪ್ಯೂಟರಿನಿಂದ ಮಾತ್ರ ಪ್ರವೇಶ, ಯಾರು ಯಾವ ಹೊತ್ತಿಗೆ ಏನು ಮಾಡಿದರೆಂಬ ಅಳಿಸಲಾಗದ ದಾಖಲೆ ಇವೆಲ್ಲ ಇಂಥ ಸೇವೆಗಳಲ್ಲಿ ಸಾಮಾನ್ಯ. ತೆಂಗು ಬೆಳೆಗಾರರ ಕಂಪನಿ, ಸಹಕಾರ ಸಂಘಗಳಂಥ ಹಲವರ ಹಣದ ಸಂಸ್ಥೆಗಳಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಚೆಕ್‌ಗೆ ಜಂಟಿ ಸಹಿ ಹಾಕುವುದು ವಾಡಿಕೆ. ಆನ್‌ಲೈನಿಗೆ ಬಂದಾಗ ಆ ಜಂಟಿ ಸಹಿಯನ್ನು ಬಿಟ್ಟುಕೊಡಬಾರದು. ಬ್ಯಾಂಕಿನ ಅರ್ಜಿಯಲ್ಲೇ ‘ಇಬ್ಬರ ಒಪ್ಪಿಗೆ’ ಎಂದು ಬರೆಸಬೇಕು.

ಟೆಂಡರ್ ದಿನದ ಸಂಜೆ ನಲವತ್ತು ರೈತರಿಗೆ ಒಂದೊಂದೇ ಕಳಿಸುತ್ತ ಕೂರಲಾಗದು. ಅದಕ್ಕೆಂದೇ ಕಂತೆ ಪಾವತಿ ಇದೆ: ಹೆಸರು, ಖಾತೆ ನಂಬರು, ಐಎಫ್‌ಎಸ್‌ಸಿ, ಮೊತ್ತ ತುಂಬಿದ ಒಂದು ಫೈಲನ್ನು ಒಮ್ಮೆಗೇ ಏರಿಸುವುದು. ಫೈಲು ಕಂಪ್ಯೂಟರಿನಲ್ಲಿ ಬಿದ್ದಿರುವ ಹೊತ್ತೇ ಅಪಾಯದ ಹೊತ್ತು. ಯಾರಾದರೂ ಒಂದು ಸಾಲಿನ ನಂಬರು ತಿದ್ದಿದರೆ ಒಟ್ಟು ಮೊತ್ತ ಬದಲಾಗುವುದಿಲ್ಲ, ಕಣ್ಣಿಗೂ ಬೀಳುವುದಿಲ್ಲ. ಒಪ್ಪಿಗೆ ಕೊಡುವವರು ಒಟ್ಟು ಮೊತ್ತ ನೋಡಿ ಬಟನ್ ಒತ್ತಿದರೆ ಸಾಲದು, ಲೆಕ್ಕಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ನಂಬರು ತಾಳೆ ನೋಡಬೇಕು. ನಲವತ್ತು ಸಾಲಿಗೆ ಹೆಚ್ಚೆಂದರೆ ಕಾಲು ಗಂಟೆ.

ಹೆಸರೂ ನಂಬರೂ

ಬಹಳ ಮಂದಿಗೆ ಗೊತ್ತಿಲ್ಲದ ಒಂದು ಸಂಗತಿ: ಆರ್‌ಟಿಜಿಎಸ್, ಎನ್‌ಇಎಫ್‌ಟಿಗಳಲ್ಲಿ ಹಣ ಜಮಾ ಆಗುವುದು ಖಾತೆ ನಂಬರು ನೋಡಿ. ಅರ್ಜಿಯಲ್ಲಿ ಬರೆದ ಹೆಸರು ತಾಳೆಯಾಗಲೇಬೇಕೆಂದಿಲ್ಲ. ನಂಬರು ತಪ್ಪಿ ಬರೆದರೆ, ಆ ನಂಬರಿನವರು ಯಾರೇ ಇರಲಿ, ಹಣ ಅವರ ಪಾಲು. ಹಿಂದಕ್ಕೆ ಪಡೆಯಲು ಅವರ ಒಪ್ಪಿಗೆ ಬೇಕು. ಬೇರೆಯವರ ಲೆಟರ್‌ಹೆಡ್ಡಿನಲ್ಲಿ ಸ್ವಂತ ಖಾತೆ ನಂಬರು ಹಾಕಿ ಬಿಲ್ ಕಳಿಸುವ ಕಳ್ಳರಿಗೆ ಈ ಸಂದು ವರವಾಗಿತ್ತು.

ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರ ಸುತ್ತೋಲೆಯಲ್ಲಿ ಈ ಸಂದನ್ನು ಮುಚ್ಚಿತು. 2025ರ ಏಪ್ರಿಲ್ 1ರೊಳಗೆ ಎಲ್ಲ ಬ್ಯಾಂಕುಗಳೂ ಆರ್‌ಟಿಜಿಎಸ್, ಎನ್‌ಇಎಫ್‌ಟಿ ಮಾಡುವ ಮೊದಲು ಖಾತೆದಾರರ ಹೆಸರು ತೋರಿಸುವ ಸೌಲಭ್ಯ ಕೊಡಬೇಕೆಂದಿತು, ಅದೂ ಪುಕ್ಕಟೆಯಾಗಿ. ನಂಬರು, ಐಎಫ್‌ಎಸ್‌ಸಿ ಹಾಕಿದೊಡನೆ ಬ್ಯಾಂಕಿನ ದಾಖಲೆಯ ಹೆಸರು ತೆರೆಗೆ ಬರುತ್ತದೆ. ಇತ್ತೀಚಿನ ಭದ್ರತಾ ಕ್ರಮಗಳಲ್ಲಿ ಕೊಬ್ಬರಿ ಸೀಮೆಗೆ ಅತಿ ಹೆಚ್ಚು ಉಪಯೋಗದ್ದು ಇದೇ ಎಂಬುದು ಈ ಲೇಖಕನ ಖಚಿತ ಅಭಿಪ್ರಾಯ. ಒಂದೇ ಊರಿನಲ್ಲಿ ಒಂದೇ ಹೆಸರಿನ ನಾಲ್ಕು ಜನ, ಮನೆತನದ ಹೆಸರು ಮುಂದೆ ಹಿಂದೆ, ಪಹಣಿ ಅಪ್ಪನ ಹೆಸರಿನಲ್ಲಿ ಖಾತೆ ಮಗನ ಹೆಸರಿನಲ್ಲಿ. ಇಂಥ ಕಡೆ ತೆರೆಯ ಮೇಲೆ ಬಂದ ಹೆಸರನ್ನು ಎದುರು ಕೂತ ರೈತರಿಗೆ ಓದಿಹೇಳಿ, ‘ಇದು ನಿಮ್ದೇ ಅಲ್ವಾ ಯಜಮಾನ್ರೇ?’ ಎಂದು ಕೇಳುವುದಕ್ಕೆ ಸಮನಾದ ಭದ್ರತೆ ಬೇರೆ ಇಲ್ಲ.

ಐಎಫ್‌ಎಸ್‌ಸಿಯ ಬಗ್ಗೆಯೂ ಎಚ್ಚರ ಬೇಕು. ಅದರಲ್ಲಿ 11 ಅಕ್ಷರಗಳು: ಮೊದಲ ನಾಲ್ಕು ಬ್ಯಾಂಕಿನ ಗುರುತು, ಕೊನೆಯ ಆರು ಶಾಖೆಯದು, ನಡುವಿನ ಐದನೆಯದು ಯಾವತ್ತೂ ಸೊನ್ನೆ. ಕೈಬರಹದಲ್ಲಿ ಆ ಸೊನ್ನೆ ಇಂಗ್ಲಿಷಿನ ‘ಓ’ ಅಕ್ಷರದಂತೆ ಕಂಡು, ಹಾಗೆಯೇ ಒತ್ತಿದರೆ ಪಾವತಿ ಮುಂದೆ ಹೋಗುವುದೇ ಇಲ್ಲ. ಇನ್ನೊಂದು ತೊಡಕು ಬ್ಯಾಂಕುಗಳ ವಿಲೀನ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರ ಏಪ್ರಿಲ್‌ನಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿಗೆ ಸೇರಿತು. ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾಕ್ಕೆ. ಈ ಸೀಮೆಯ ಹೆಸರನ್ನೇ ಹೊತ್ತಿದ್ದ ಕಲ್ಪತರು ಗ್ರಾಮೀಣ ಬ್ಯಾಂಕಿನ ಕಥೆ ಇನ್ನೂ ಉದ್ದ. ಅದು ಮೊದಲು ಕಾವೇರಿ ಕಲ್ಪತರು ಆಯಿತು, 2012ರಲ್ಲಿ ಕಾವೇರಿ ಗ್ರಾಮೀಣ, 2019ರಲ್ಲಿ ಕರ್ನಾಟಕ ಗ್ರಾಮೀಣ. 2025ರ ಮೇ 1ರಂದು ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕನ್ನೂ ಕೂಡಿಕೊಂಡಿತು. ರೈತರ ಮನೆಯ ಪೆಟ್ಟಿಗೆಯಲ್ಲಿರುವ ಪಾಸ್‌ಬುಕ್ಕು ಇವುಗಳಲ್ಲಿ ಯಾವ ಕಾಲದ್ದೋ ನೋಡದೆ ನಂಬರು ಬರೆದುಕೊಳ್ಳಬಾರದು.

ಮೋಸದ ಬಗೆಗಳು

ಖಾತೆಗೆ ನುಗ್ಗುವವರು ಬ್ಯಾಂಕಿನ ಕಂಪ್ಯೂಟರ್ ಒಡೆಯುವುದು ಅಪರೂಪ. ಒಡೆಯುವುದು ಗ್ರಾಹಕರ ನಂಬಿಕೆಯನ್ನು. ಪಿಎಂ ಕಿಸಾನ್ ಹಣ, ವಾಹನದ ದಂಡ, ಬ್ಯಾಂಕಿನ ಕೆವೈಸಿ ಎಂದು ವಾಟ್ಸಾಪಿಗೆ ಬರುವ ಎಪಿಕೆ ಫೈಲು ಈಗ ಹೆಚ್ಚು ಹಬ್ಬಿರುವ ಬಲೆ. ಅದನ್ನು ಇನ್‌ಸ್ಟಾಲ್ ಮಾಡಿ, ಕೇಳಿದ ಅನುಮತಿ ಕೊಟ್ಟರೆ ಫೋನಿಗೆ ಬರುವ ಮೆಸೇಜುಗಳೆಲ್ಲ ಕಳ್ಳರಿಗೂ ಕಾಣುತ್ತವೆ. ಆಮೇಲೆ ಓಟಿಪಿಯನ್ನು ಯಾರೂ ಕೇಳಬೇಕಾಗಿಯೇ ಇಲ್ಲ. ಮಂಡಿಯ ಖಾತೆಗೆ ಜೋಡಿಸಿದ ನಂಬರಿನ ಫೋನು ಮಕ್ಕಳ ಆಟಕ್ಕೂ ಮನೆಯವರ ವಾಟ್ಸಾಪಿಗೂ ಬಳಕೆಯಾಗುತ್ತಿದ್ದರೆ ಈ ಬಲೆಗೆ ಅದೇ ಮೊದಲು ಬೀಳುತ್ತದೆ. ಬ್ಯಾಂಕಿನ ಕೆಲಸಕ್ಕೆ ಬೇರೆ ಸಿಮ್, ಬೇರೆ ಸಾದಾ ಫೋನು ಇಡುವುದು ಎರಡು ಸಾವಿರ ರೂಪಾಯಿಯೊಳಗೆ ಆಗುವ ಕೆಲಸ.

ಮೆಸೇಜಿನ ಓಟಿಪಿಯ ಈ ದೌರ್ಬಲ್ಯ ರಿಸರ್ವ್ ಬ್ಯಾಂಕಿಗೂ ಗೊತ್ತು. 2025ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿ 2026ರ ಏಪ್ರಿಲ್ 1ರಿಂದ ಜಾರಿಗೆ ಗೊತ್ತುಮಾಡಿದ ನಿರ್ದೇಶನ ಎರಡು ಹಂತದ ದೃಢೀಕರಣವನ್ನು ಉಳಿಸಿಕೊಂಡು, ಓಟಿಪಿಯಲ್ಲದೆ ಬೆರಳಚ್ಚು, ಆ್ಯಪಿನೊಳಗಿನ ಒಪ್ಪಿಗೆ, ಪ್ರತ್ಯೇಕ ಟೋಕನ್‌ಗಳಂಥ ದಾರಿಗಳಿಗೂ ಬಾಗಿಲು ತೆರೆದಿದೆ. ನಕಲಿ ವೆಬ್‌ಸೈಟುಗಳಿಗೆ ಮದ್ದಾಗಿ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದು ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕೆಂದು ಹೇಳಲಾಯಿತು. ಆ ಬಾಲ ಬ್ಯಾಂಕುಗಳಿಗಲ್ಲದೆ ಬೇರೆಯವರಿಗೆ ಸಿಗದು. ಬ್ಯಾಂಕುಗಳ ಸೇವಾ ಕರೆಗಳಿಗೆ 1600ರಿಂದ ಶುರುವಾಗುವ ನಂಬರುಗಳನ್ನು ಮೀಸಲಿಡಲಾಗಿದೆ. ಹತ್ತಂಕಿಯ ಮಾಮೂಲಿ ಮೊಬೈಲಿನಿಂದ ‘ಬ್ಯಾಂಕಿನ ಮ್ಯಾನೇಜರ್ ಮಾತಾಡ್ತಿರೋದು’ ಎಂದರೆ ಅಲ್ಲೇ ಫೋನ್ ಇಡಬಹುದು.

ಉತ್ತರದ ಖರೀದಿದಾರರೊಂದಿಗಿನ ವ್ಯವಹಾರದಲ್ಲಿ ಇನ್ನೊಂದು ಅಪಾಯವಿದೆ. ‘ನಮ್ಮ ಖಾತೆ ಬದಲಾಗಿದೆ, ಇನ್ನು ಮುಂದೆ ಈ ನಂಬರಿಗೆ ಹಾಕಿ’ ಎಂಬ ಸಂದೇಶ ದಲ್ಲಾಳಿಯ ಹೆಸರಿನಲ್ಲಿ ಖರೀದಿದಾರರಿಗೆ ಹೋಗಬಹುದು. ಒಂದು ಲಾರಿ ಕೊಬ್ಬರಿಯ ಹಣವೆಂದರೆ ಲಕ್ಷಗಳ ಮಾತು. ಖಾತೆ ಬದಲಾದ ಸುದ್ದಿ ಬಂದ ದಿನ, ಹಳೆಯ ಪರಿಚಯದ ನಂಬರಿಗೆ ಫೋನ್ ಮಾಡಿ ದನಿ ಕೇಳಿಯೇ ಹಣ ಹಾಕುವ ಕರಾರನ್ನು ಎರಡೂ ಕಡೆಯವರು ಮೊದಲೇ ಮಾಡಿಕೊಂಡಿರಬೇಕು.

ಖಾತೆಯನ್ನು ಬಾಡಿಗೆಗೆ ಕೊಡುವ ಪಿಡುಗು ಇವೆಲ್ಲಕ್ಕಿಂತ ನೋವಿನದು. ಕೆಲಸವಿಲ್ಲದ ಹುಡುಗರಿಗೆ ಕೆಲವು ಸಾವಿರ ಕೊಟ್ಟು ಅವರ ಪಾಸ್‌ಬುಕ್, ಎಟಿಎಂ ಕಾರ್ಡು, ಸಿಮ್ ಪಡೆದು, ಕದ್ದ ಹಣವನ್ನು ಆ ಖಾತೆಗಳ ಮೂಲಕ ದಾಟಿಸುತ್ತಾರೆ. ಪೊಲೀಸರು ಬಂದಾಗ ಮೊದಲು ಸಿಗುವುದು ಹುಡುಗನ ಹೆಸರು. ಬೆಂಗಳೂರಿನಲ್ಲಿರುವ ರಿಸರ್ವ್ ಬ್ಯಾಂಕ್ ಇನ್ನೋವೇಶನ್ ಹಬ್ ಇಂಥ ಖಾತೆಗಳನ್ನು ಪತ್ತೆ ಹಚ್ಚಲು ‘ಮ್ಯೂಲ್‌ಹಂಟರ್’ ಎಂಬ ಕೃತಕ ಬುದ್ಧಿಮತ್ತೆಯ ಸಾಧನವನ್ನು ರೂಪಿಸಿದೆ.

ಹಣ ಹೋದ ಮೇಲೆ

ಮೊದಲ ಕೆಲಸ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುವ ಮೊದಲು ತಡೆಯಬಲ್ಲ ಜಾಲ ಆ ನಂಬರಿನ ಹಿಂದಿದೆ; ಹೊತ್ತು ಕಳೆದಷ್ಟೂ ಸಿಗುವುದು ಕಡಿಮೆ. ಜೊತೆಗೇ ಬ್ಯಾಂಕಿಗೆ ತಿಳಿಸಿ ಆನ್‌ಲೈನ್ ಪ್ರವೇಶ ಮುಚ್ಚಿಸಬೇಕು. ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ ಸಿಇಎನ್ ಠಾಣೆ ಜಿಲ್ಲಾ ಕೇಂದ್ರ ತುಮಕೂರಿನಲ್ಲಿದೆ. ಆದರೆ ಬಸ್ಸು ಹಿಡಿದು ಅಲ್ಲಿಗೆ ಹೋಗುವ ಮೊದಲು ಫೋನಿನ ಕೆಲಸ ಮುಗಿದಿರಬೇಕು.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ ನಷ್ಟದ ಹೊಣೆಯನ್ನು ಹಂಚುತ್ತದೆ. ತಪ್ಪು ಬ್ಯಾಂಕಿನದಾದರೆ ಗ್ರಾಹಕರಿಗೆ ಹೊಣೆಯೇ ಇಲ್ಲ. ಬ್ಯಾಂಕಿನದೂ ಅಲ್ಲ ಗ್ರಾಹಕರದೂ ಅಲ್ಲ, ನಡುವಿನ ವ್ಯವಸ್ಥೆಯ ತಪ್ಪು ಎಂದಾದರೆ, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೂ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನವಾದರೆ ಮಿತಿಯ ಹೊಣೆ: ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಚಾಲ್ತಿ, ಓಡಿ ಖಾತೆಗಳಿಗೆ ಗರಿಷ್ಠ 10,000 ರೂಪಾಯಿ, ಉಳಿದ ಚಾಲ್ತಿ ಖಾತೆಗಳಿಗೆ 25,000. ಓಟಿಪಿ ಹೇಳಿಕೊಟ್ಟಂಥ ಅಜಾಗರೂಕತೆ ಗ್ರಾಹಕರದೇ ಆಗಿದ್ದರೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವರದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನ ಹೊಣೆ. ಹಾಗಾಗಿ ಎಷ್ಟು ಗಂಟೆಗೆ ತಿಳಿಸಿದ್ದೆಂಬ ಗುರುತು ಕೈಯಲ್ಲಿರಬೇಕು. ಬ್ಯಾಂಕಿನ ಉತ್ತರ ಒಪ್ಪಿಗೆಯಾಗದಿದ್ದರೆ 2021ರಲ್ಲಿ ಏಕೀಕರಿಸಿದ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು.

ಹಣ ಕಳವಾಗದೆ ನಡುದಾರಿಯಲ್ಲಿ ನಿಂತುಹೋಗುವುದೂ ಉಂಟು. ಆಗ ಬೇಕಾಗುವುದು ಯುಟಿಆರ್ ನಂಬರು. ಆರ್‌ಟಿಜಿಎಸ್‌ಗೆ 22 ಅಕ್ಷರ, ಎನ್‌ಇಎಫ್‌ಟಿಗೆ 16, ಐಎಂಪಿಎಸ್‌ಗೆ 12 ಅಂಕಿಯ ಗುರುತು. ಎನ್‌ಇಎಫ್‌ಟಿ ಹಣ ತನ್ನ ಕಂತು ಇತ್ಯರ್ಥವಾದ ಎರಡು ಗಂಟೆಯೊಳಗೆ ಜಮಾ ಆಗಬೇಕು. ತಡವಾದರೆ ರೆಪೊ ದರದ ಮೇಲೆ ಶೇ. 2 ಸೇರಿಸಿ ಬಡ್ಡಿ ಕೊಡುವ ಹೊಣೆ ಬ್ಯಾಂಕಿನದು. ಲೆಕ್ಕಪಟ್ಟಿಯಲ್ಲಿ ಚೀಲ, ತೂಕ, ಧಾರಣೆ, ಹಮಾಲಿ ಬರೆದ ಹಾಗೆಯೇ ಕೆಳಗೆ ಯುಟಿಆರ್ ನಂಬರನ್ನೂ ಬರೆದುಕೊಟ್ಟರೆ, ತುರುವೇಕೆರೆಯ ಕಡೆಯ ರೈತರು ಮರುದಿನ ತಮ್ಮೂರಿನ ಶಾಖೆಯಲ್ಲೇ ಆ ಚೀಟಿ ತೋರಿಸಿ ಹಣ ಎಲ್ಲಿದೆಯೆಂದು ಕೇಳಬಹುದು. ಅದಕ್ಕಾಗಿ ತಿಪಟೂರಿಗೆ ಮತ್ತೆ ಬರಬೇಕಾಗಿಲ್ಲ.